ನೂರು ರೂಪಾಯಿಗೆ ಸಾಣೆ ಹಿಡಿಸಿದ ಬ್ಲೇಡು

ಹದಿನೆಂಟೂವರೆ ಸಾವಿರ ಕೊಟ್ಟೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಕೇಳಿಯೇ ಕೇಳುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮೊದಲು ಕೇಳುತ್ತಿದ್ದೆ. ಯಾರ ಮನೆಗೆ ಹೋದರೂ ಸೋಫಾದ ಮೇಲೆ ಕೂರುವುದಕ್ಕೆ ಮುಂಚೆ ಅದರ ಬೆಲೆ ವಿಚಾರಿಸುವ ಹೆಂಗಸು ನಾನು. ಆ ದುಡ್ಡಿಗೆ ಬಂದದ್ದು ಹುಲ್ಲು ಕತ್ತರಿಸುವ ಮೆಷಿನ್. ಮನೆಯಂಗಳದಲ್ಲಿ ಆಟದ ಸಾಮಾನಿನಂತೆ ಓಡಿಸುವ ಕರೆಂಟಿನದ್ದಲ್ಲ. ಕಾಲೇಜು, ಕಂಪನಿ, ಹೋಟೆಲುಗಳ ದೊಡ್ಡ ಹುಲ್ಲುಹಾಸಿಗೆಂದೇ ಮಾಡಿದ, ಪೆಟ್ರೋಲು ಕುಡಿಯುವ, ಎಮ್ಮೆಕರುವಿನಷ್ಟು ತೂಕದ ಮೆಷಿನ್. ಹೊಸದಾದರೆ ಇದರ ಮೂರು ಪಟ್ಟು ಎಂದರು. ಇದು ಇಷ್ಟಕ್ಕೆ ಯಾಕೆ ಸಿಕ್ಕಿತು ಎಂದರೆ, ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಹಳೆಯ ಆಫೀಸೊಂದು ತನ್ನ ಮುಂದಿನ ಹುಲ್ಲನ್ನೆಲ್ಲ ಕಿತ್ತು, ಕಲ್ಲು ಹಾಸಿ, ಕಾರು ನಿಲ್ಲಿಸಲು ಜಾಗ ಮಾಡಿಕೊಂಡಿತ್ತು. ಅಲ್ಲಿನ ಕ್ಯಾಂಟೀನಿಗೆ ದೋಸೆ ಹಿಟ್ಟು ಕೊಡುವವಳು ನಾನೇ ಆದ್ದರಿಂದ ಸುದ್ದಿ ಮೊದಲು ನನ್ನ ಕಿವಿಗೆ ಬಿತ್ತು. ಮ್ಯಾನೇಜರು ಮೂವತ್ತು ಎಂದರು. ನಾನು ಹದಿನೈದು ಎಂದೆ. ಅವರು ನಕ್ಕರು. "ನಗಬೇಡಿ ಸಾರ್. ಹುಲ್ಲೇ ಇಲ್ಲದ ಜಾಗದಲ್ಲಿ ಇದನ್ನಿಟ್ಟುಕೊಂಡು ಏನು ಕತ್ತರಿಸ್ತೀರಿ, ಕಾರುಗಳನ್ನೇ?" ಎಂದೆ. ಮೂರು ದಿನ ಹಿಟ್ಟಿನ ಡಬ್ಬಿಯ ಜೊತೆಗೆ ಈ ಪ್ರಶ್ನೆಯನ್ನೂ ಕಳಿಸಿದೆ. ನಾಲ್ಕನೆಯ ದಿನ ಹದಿನೆಂಟೂವರೆಗೆ ಒಪ್ಪಿದರು.

ಚೌಕಾಸಿ ನನಗೆ ಹುಟ್ಟುಗುಣವಲ್ಲ, ಕಲಿತ ವಿದ್ಯೆ. ಹುಬ್ಬಳ್ಳಿಯಿಂದ ಮದುವೆಯಾಗಿ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ಒಂದು ಕಟ್ಟು ಕೊತ್ತಂಬರಿಯ ಬೆಲೆ ಕೇಳಲೂ ನಾಚಿಕೆ. ತಮಿಳಂತೂ ಒಂದಕ್ಷರ ಬಾರದು. ಬೆರಳು ತೋರಿಸಿ ಬೆಲೆ ಇಳಿಸಲು ಕಲಿತೆ, ಭಾಷೆ ಆಮೇಲೆ ಬಂತು. ಒಂದೇ ಒಂದು ಸಣ್ಣ ಗ್ರೈಂಡರಿನಲ್ಲಿ ಅಕ್ಕಪಕ್ಕದವರಿಗೆ ಹಿಟ್ಟು ರುಬ್ಬಿಕೊಡುತ್ತ ಶುರು ಮಾಡಿದವಳು ಈಗ ವೇಲಚೇರಿಯ ನಮ್ಮ ಫ್ಲಾಟಿನ ಹಿಂದಿನ ಕೋಣೆಯಲ್ಲಿ ನಾಲ್ಕು ದೊಡ್ಡ ಗ್ರೈಂಡರು ಓಡಿಸುತ್ತೇನೆ. ಇಷ್ಟು ವರ್ಷಗಳಲ್ಲಿ ಅಂಗಡಿಯವನ ಬರಿತಕ್ಕಡಿ ಎತ್ತಿಸಿ, ಎರಡು ತಟ್ಟೆಯೂ ಸಮ ನಿಲ್ಲುತ್ತದೆಯೇ ಎಂದು ನೋಡದೆ ಒಂದು ಕಿಲೊ ಉದ್ದನ್ನೂ ಕೊಂಡವಳಲ್ಲ. ಈ ಮಾತು ನೆನಪಿನಲ್ಲಿರಲಿ. ಮುಂದೆ ಇದರಿಂದಲೇ ನನಗೆ ಅವಮಾನವಾಗುವುದಿದೆ.

ನಮ್ಮ ಮನೆಯವರು ರೈಲ್ವೆಯಲ್ಲಿ ಬೋಗಿಗಳ ಗಾಲಿ ಪರೀಕ್ಷೆ ಮಾಡುತ್ತಿದ್ದವರು. ಸುತ್ತಿಗೆಯಿಂದ ಗಾಲಿಗೆ ಒಂದು ತಟ್ಟು, ಸದ್ದಿಗೆ ಕಿವಿ, ಇದು ಸರಿ, ಇದು ಸರಿಯಿಲ್ಲ. ನಿವೃತ್ತರಾಗಿ ಆರು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತಟ್ಟಿ ಆರಿಸುವುದು ಅವರ ಖಾತೆ. ಮಾತು ಮಾತ್ರ ಕಡಿಮೆ. ಕೇಳದ ಹೊರತು ಹೇಳುವವರಲ್ಲ. ನಾನು ಕೇಳುವವಳಲ್ಲ. ಹೀಗಾಗಿ ಸಂಸಾರ ಸುಸೂತ್ರವಾಗಿ ಸಾಗಿದೆ.

ಇನ್ನು ಹಿಟ್ಟಿನ ವ್ಯಾಪಾರದವಳಿಗೆ ಹುಲ್ಲಿನ ಮೆಷಿನ್ ಯಾಕೆ ಎಂದರೆ, ಅದು ಮುನಿಯಪ್ಪನ ಸಲುವಾಗಿ. ನಮ್ಮದು ಅರವತ್ತು ಮನೆಗಳ ಕಟ್ಟಡ. ನಡುವೆ ದೊಡ್ಡ ಹುಲ್ಲುಹಾಸು. ಮಳೆ ಜೋರಾದ ವರ್ಷ ಅದು ಕೆರೆ, ಉಳಿದಂತೆ ಹುಲ್ಲು. ಕಟ್ಟಡ ಏಳುವಾಗಲೇ ಬಂದು ಸೇರಿದ ತೋಟದ ಮಾಲಿ ಮುನಿಯಪ್ಪ. ಗಡಿಯ ದೇನ್ಕನಿಕೋಟೆ ಕಡೆಯವನು, ಹಾಗಾಗಿ ಕನ್ನಡ ಬರುತ್ತದೆ. ಇಡೀ ಕಟ್ಟಡದಲ್ಲಿ ನಾನು ಬೈದರೆ ಪೂರ್ತಿ ಅರ್ಥವಾಗುವುದು ನಮ್ಮ ಮನೆಯವರಿಗೆ ಮತ್ತು ಅವನಿಗೆ. ವಯಸ್ಸು ಅರವತ್ತು ದಾಟಿದೆ. ಅವನೂ ಅವನ ಹೆಂಡತಿಯೂ ಪಂಪ್ ರೂಮಿನ ಪಕ್ಕದ ಕೋಣೆಯಲ್ಲಿರುತ್ತಾರೆ. ಹುಲ್ಲು ಕತ್ತರಿಸುವ ಕೆಲಸವನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟುಬಿಡೋಣ, ಅವರದೇ ಮೆಷಿನ್, ಅವರದೇ ಜನ ಎಂದು ಸಂಘದ ಮೀಟಿಂಗಿನಲ್ಲಿ ಮಾತು ಬಂತು. ಹಾಗಾದರೆ ಮುನಿಯಪ್ಪನ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ಕೋಣೆಯೂ ಹೋಗುತ್ತದೆ. ನಾನು ಎದ್ದು ನಿಂತು, "ಮುನಿಯಪ್ಪನ ಕೈಗೆ ಒಂದು ಒಳ್ಳೆ ಮೆಷಿನ್ ಕೊಡಿ. ಕಂಟ್ರಾಕ್ಟರಿಗೆ ಒಂದು ವರ್ಷಕ್ಕೆ ಸುರಿಯೋ ದುಡ್ಡಿನ ಅರ್ಧದಲ್ಲಿ ನಾನು ತಂದುಕೊಡ್ತೀನಿ. ಅದನ್ನ ನೋಡಿಕೊಳ್ಳೋ ಜವಾಬ್ದಾರಿಯೂ ನನ್ನದೇ" ಎಂದೆ. ದುಡ್ಡು ಸಂಘದ್ದು, ಚೌಕಾಸಿ ನನ್ನದು ಎಂದು ತೀರ್ಮಾನವಾಯಿತು.

ಅಧ್ಯಕ್ಷರು ತಿರುಮಲಾಚಾರ್ ಸಾರ್. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ಅಯ್ಯಂಗಾರ್ ಮನೆತನ. ಕನ್ನಡವನ್ನು ತಮಿಳಿನಲ್ಲಿ ಅದ್ದಿ ತೆಗೆದು ಮಾತಾಡುತ್ತಾರೆ. ವಿಮೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಯಾವ ವಸ್ತು ಕಂಡರೂ ಅದು ಯಾವ ಯಾವ ರೀತಿಯಲ್ಲಿ ಹಾಳಾಗಬಹುದು ಎಂಬುದೇ ಮೊದಲು ಕಾಣುವುದು ಅವರಿಗೆ. ಮೆಷಿನ್ ಬಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಂಗಾ ಅವರೇ, ಹಳೇ ಸಾಮಾನು. ಸರಿಪಟ್ಟು ಬರೋಲ್ಲ" ಎಂದರು. ಅದು ತಮಿಳಿನ ಮಾತು. ಇದು ನಡೆಯುವ ಬಾಬತ್ತಲ್ಲ ಎಂದು ಅರ್ಥ.

ಯಂತ್ರ ಎಂದರೆ ಯಂತ್ರವೇ, ರುಬ್ಬಲಿ ಕತ್ತರಿಸಲಿ. ದಿನಾ ಒರೆಸಬೇಕು, ಎಣ್ಣೆ ನೋಡಬೇಕು, ಸದ್ದು ಬದಲಾದರೆ ನಿಲ್ಲಿಸಬೇಕು. ನಾನೂ ಮುನಿಯಪ್ಪನೂ ಸೇರಿ ಪ್ರತಿ ಶುಕ್ರವಾರ ಬೆಳಿಗ್ಗೆ ಅದರ ಸೇವೆ ಇಟ್ಟುಕೊಂಡೆವು. ಎಂಜಿನ್ ಆಯಿಲ್ ಕಪ್ಪಾದಾಗ ಬದಲಾಯಿಸುವುದು, ಪಾತ್ರೆ ತಿಕ್ಕುವ ಸ್ಪಂಜಿನಂತಿರುವ ಗಾಳಿಯ ಫಿಲ್ಟರನ್ನು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು, ಅಡಿಯಲ್ಲಿ ಮೆತ್ತಿಕೊಂಡ ಹಸಿ ಹುಲ್ಲನ್ನು ಮರದ ಚಕ್ಕೆಯಿಂದ ಕೆರೆಯುವುದು. ಮೊದಲ ಶುಕ್ರವಾರ ಒಂದು ಯಡವಟ್ಟಾಯಿತು. ಅಡಿ ಕೆರೆಯಲೆಂದು ಮೆಷಿನನ್ನು ಅಡ್ಡ ಮಲಗಿಸಿದೆವು, ಆದರೆ ಯಾವ ಮಗ್ಗುಲು ಎಂದು ಯೋಚಿಸಲಿಲ್ಲ. ಆಯಿಲೆಲ್ಲ ಹರಿದು ಫಿಲ್ಟರಿಗೆ ಇಳಿಯಿತು. ಮತ್ತೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಎದುರಿನವರ ಮುಖ ಕಾಣದಷ್ಟು. ಜನ ದಡಬಡ ಕಿಟಕಿ ಮುಚ್ಚಿಕೊಂಡರು. ಮೂರನೆಯ ಮಹಡಿಯಿಂದ ತಿರುಮಲಾಚಾರ್ ಸಾರ್ ಮಾತ್ರ ತಲೆ ಹೊರಗೆ ಹಾಕಿ, "ಕಾರ್ಪೊರೇಷನ್‌ನವರಾ? ಆ ಚರಂಡಿ ಕಡೆಗೂ ಸ್ವಲ್ಪ ಸೊಳ್ಳೆ ಹೊಗೆ ಬಿಟ್ಟು ಹೋಗಪ್ಪಾ" ಎಂದು ಕೂಗಿದರು. ಮುನಿಯಪ್ಪ ಹೊಗೆಯೊಳಗಿನಿಂದಲೇ, "ಆಗಲಿ ಸಾಮಿ" ಎಂದ.

ಅದನ್ನು ಬಿಟ್ಟರೆ ಮೂರು ತಿಂಗಳು ಮೆಷಿನ್ ಚೆನ್ನಾಗಿಯೇ ಓಡಿತು. ಆಮೇಲೆ ಹುಲ್ಲು ಕತ್ತರಿಸುವ ಬದಲು ಜಗಿದು ಉಗುಳತೊಡಗಿತು. ತುದಿಯೆಲ್ಲ ಹರಿದು ಹಳದಿ. ಬ್ಲೇಡು ಮೊಂಡಾಗಿತ್ತು. ಬಿಚ್ಚಿ ಕೈಗೆ ತೆಗೆದುಕೊಂಡೆ: ಮೊಳಕ್ಕಿಂತ ಉದ್ದದ ಉಕ್ಕಿನ ಪಟ್ಟಿ, ನಡುವೆ ಬೋಲ್ಟು ಹೋಗುವ ತೂತು, ಆ ತುದಿಗೊಂದು ಈ ತುದಿಗೊಂದು ಬಾಯಿ. ಹತ್ತಿರದ ಮೆಕ್ಯಾನಿಕ್ ಸಾಣೆ ಹಿಡಿಯಲು ಹೇಳಿದ ದರ ಕೇಳಿ, ಆ ದುಡ್ಡಿಗೆ ನಾನು ಹೊಸ ಮೆಕ್ಯಾನಿಕ್ಕನ್ನೇ ತರುತ್ತೇನೆ ಎಂದು ಎದ್ದು ಬಂದೆ.

ನನ್ನ ಲೆಕ್ಕಾಚಾರ ಹೀಗಿತ್ತು. ಒಳ್ಳೆಯ ಸಾಣೆಯವನು ಎಲ್ಲಿರುತ್ತಾನೆ? ಕತ್ತಿಗೆ ಹೆಚ್ಚು ಕೆಲಸ ಇರುವಲ್ಲಿ. ಚೆನ್ನೈನಲ್ಲಿ ಕತ್ತಿಗೆ ಹೆಚ್ಚು ಕೆಲಸ ಎಲ್ಲಿ? ಕಾಸಿಮೇಡಿನಲ್ಲಿ, ಮೀನಿನ ಬಂದರಿನಲ್ಲಿ. ಈರುಳ್ಳಿ ಕೂಡ ವಾರಕ್ಕೆರಡು ದಿನ ತಿನ್ನದ ಮನೆಯವಳು ಬೆಳಗಿನ ಮೊದಲ ರೈಲಿಗೆ, ಬ್ಲೇಡನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟುಕೊಂಡು ಹೊರಟೆ. "ಎಲ್ಲಿಗಿ?" ಎಂದರು ಮನೆಯವರು. "ಕಾಸಿಮೇಡಿಗೆ" ಎಂದೆ. ಅವರು ಪೇಪರಿನಿಂದ ತಲೆ ಎತ್ತಿ, "ಬರೂವಾಗ ಏನೂ ತರಬ್ಯಾಡ" ಎಂದಷ್ಟೇ ಹೇಳಿದರು. ಬ್ಲೇಡಿನ ಒಂದು ತುದಿ ಚೀಲದಿಂದ ಹೊರಗೆ ಇಣುಕುತ್ತಿತ್ತು. ರೈಲಿಳಿದು ಹತ್ತಿದ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಫ್ಯಾನಿನ ರೆಕ್ಕೆಯಾ ಅಕ್ಕಾ?" ಎಂದಳು. ಹೂಂ ಎಂದೆ. "ಒಂದೇ ರೆಕ್ಕೆ ಎಷ್ಟಕ್ಕೆ ಕೊಟ್ಟ?" ಎಂದಳು. ಮನಸ್ಸಿಗೆ ಹಿತವಾಯಿತು. ನನ್ನಂಥವರು ಊರಲ್ಲಿ ಇನ್ನೂ ಇದ್ದಾರೆ.

ಸಾಣೆಯವನ ಹೆಸರು ಅಂತೋಣಿ. ಹರಾಜು ನಡೆಯುವ ಕಟ್ಟೆಯ ಪಕ್ಕದಲ್ಲೇ ಅವನ ಚಕ್ರ, ಸುತ್ತ ಮೀನು ಕೊಯ್ಯುವ ಕತ್ತಿಗಳ ರಾಶಿ. ನಮ್ಮ ಮಾತುಕತೆ ತಮಿಳಿನಲ್ಲಿ ನಡೆಯಿತು, ನಾನು ಕನ್ನಡದಲ್ಲೇ ಬರೆಯುತ್ತೇನೆ.

"ಒಂದು ಬಾಯಿಗೆ ನೂರು. ಎರಡು ಬಾಯಿ, ಇನ್ನೂರು" ಎಂದ ಅಂತೋಣಿ.

"ಬ್ಲೇಡು ಎಷ್ಟಿದೆ?"

"ಒಂದು."

"ಮತ್ತೆ ದುಡ್ಡು ಯಾಕೆ ಎರಡರದ್ದು?"

"ಅಮ್ಮಾ, ಕತ್ತಿಗೆ ಒಂದೇ ಬಾಯಿ. ಇದಕ್ಕೆ ಈ ಕಡೆ ಒಂದು, ಆ ಕಡೆ ಒಂದು."

"ನನ್ನ ರುಬ್ಬೋ ಕಲ್ಲಿಗೆ ಸುತ್ತಲೂ ಮೈಯಿದೆ. ಉಳಿ ಹಿಡಿದು ಒರಟು ಮಾಡೋನು ಒಂದು ಕಲ್ಲಿಗೆ ಒಂದೇ ಕೂಲಿ ತಗೊಳ್ತಾನೆ. ಸುತ್ತಳತೆ ನೋಡಿ ಕೇಳಲ್ಲ."

"ಹಾಗಾದ್ರೆ ಅವನ ಹತ್ರಾನೇ ಕೊಡಿ ಅಮ್ಮಾ" ಎಂದು ಅವನು ಪಕ್ಕದವಳ ಕತ್ತಿ ಎತ್ತಿಕೊಂಡ.

ನಾನು ಚೀಲ ಹೆಗಲಿಗೇರಿಸಿ ನಡೆದೆ. ಇದು ವಿದ್ಯೆಯ ಮುಖ್ಯ ಪಾಠ: ತಿರುಗಿ ನೋಡದೆ ನಡೆಯುವುದು. ತರಕಾರಿಯವರು ಮೂರನೆಯ ಹೆಜ್ಜೆಗೆ ಕರೆಯುತ್ತಾರೆ, ಬಟ್ಟೆ ಅಂಗಡಿಯವರು ಮೆಟ್ಟಿಲಿಳಿದ ಮೇಲೆ. ಅಂತೋಣಿ ಹದಿನಾಲ್ಕು ಹೆಜ್ಜೆಯವರೆಗೆ ಕರೆಯಲಿಲ್ಲ. ಹದಿನೈದನೆಯದನ್ನು ನಾನು ಸ್ವಲ್ಪ ಸಣ್ಣದಾಗಿ ಇಟ್ಟೆ. ಆಗ, "ಬನ್ನಿ ಅಮ್ಮಾ, ನೂರೇ ಕೊಡಿ. ನೂರು ರೂಪಾಯಿ ಕೆಲಸ ಮಾಡಿಕೊಡ್ತೀನಿ" ಎಂದ. ಆ ಎರಡನೆಯ ವಾಕ್ಯವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಗೆದ್ದವರ ಕಿವಿ ಅಷ್ಟು ಚುರುಕಾಗಿರುವುದಿಲ್ಲ.

ಇನ್ನೊಂದು ತಪ್ಪೂ ಆಯಿತು. ನನ್ನ ನಿಯಮದ ಪ್ರಕಾರ ಕೆಲಸ ಮುಗಿಯುವವರೆಗೆ ಕೆಲಸದವನ ಕೈಮೇಲೆ ಕಣ್ಣಿಡಬೇಕು. ಆದರೆ ಪಕ್ಕದಲ್ಲಿ ಹರಾಜು ನಡೆಯುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಮ್ಮೆ ಅತ್ತ ನೋಡಿದೆ, ಅಷ್ಟೇ. ಒಂದು ಬುಟ್ಟಿ ಮೀನಿನ ಮುಂದೆ ಹತ್ತು ಹೆಂಗಸರು. ಕೂಗುವವನ ಬಾಯಿ ನಿಲ್ಲುವುದಿಲ್ಲ, ಹೆಂಗಸರು ಬಾಯಿ ಬಿಡುವುದಿಲ್ಲ. ಒಬ್ಬಳು ಹುಬ್ಬು ಏರಿಸಿದರೆ ಐವತ್ತು ಏರುತ್ತದೆ, ಇನ್ನೊಬ್ಬಳು ಕೊಡವಿಕೊಂಡು ಎದ್ದರೆ ಇಳಿಯುತ್ತದೆ. ಮೂವತ್ತು ವರ್ಷ ಬಾಯಿ ನೋಯಿಸಿಕೊಂಡು ನಾನು ಕಲಿತದ್ದನ್ನು ಆ ಹೆಂಗಸರು ಬರೀ ಹುಬ್ಬಿನಲ್ಲಿ ಮಾಡುತ್ತಿದ್ದರು. ಮೂಗು ಮುಚ್ಚಿದ್ದ ಸೆರಗು ಯಾವಾಗ ಜಾರಿತೋ ತಿಳಿಯಲಿಲ್ಲ. ಎಚ್ಚರವಾದಾಗ ಅಂತೋಣಿ ಬ್ಲೇಡು ಒರೆಸಿ ಸೀರೆಯಲ್ಲಿ ಸುತ್ತುತ್ತಿದ್ದ. ಎರಡು ತುದಿಯೂ ಹೊಳೆಯುತ್ತಿತ್ತು. ನೂರು ಕೊಟ್ಟು ಬಂದೆ.

ಬ್ಲೇಡು ಕೂರಿಸಿದ ದಿನ ಮುನಿಯಪ್ಪ ಒಂದು ಸಾಲು ಹೋಗಿ ಬಂದು, "ಅಮ್ಮಾ, ಮಿಷಿನು ಸ್ವಲ್ಪ ಆಡ್ತದೆ" ಎಂದ. ಅಷ್ಟರಲ್ಲಿ ನಾನು ನೂರಕ್ಕೆ ಮುಗಿಸಿದ ಕಥೆಯನ್ನು ಹದಿನೈದು ಹೆಜ್ಜೆ ಸಮೇತ ಅವನಿಗೆ ಎರಡು ಸಲ ಹೇಳಿಯಾಗಿತ್ತು. "ಹರಿತ ಆಗಿದೆಯಲ್ಲ, ಹಾಗೇ ಇರುತ್ತೆ. ಹೊಸ ಚಪ್ಪಲಿ ಕಚ್ಚಲ್ವಾ, ಹಾಗೆ" ಎಂದೆ. ಅವನು ನನ್ನ ಮುಖ ನೋಡಿದ, ಬ್ಲೇಡಿನ ಕಡೆ ನೋಡಿದ, "ಸರಿ ಅಮ್ಮಾ" ಎಂದ. ಮಾರನೆಯ ವಾರ ನೋಡಿದರೆ ಹಿಡಿಕೆಗೆ ಸೈಕಲ್ ಟ್ಯೂಬು, ಅದರ ಮೇಲೆ ಹಳೆ ಪಂಚೆಯ ತುಂಡು ಸುತ್ತಿದ್ದ. ಎಷ್ಟು ಜೋಪಾನ ಮಾಡುತ್ತಾನೆ ಎಂದು ಮೆಚ್ಚಿಕೊಂಡೆ. ಹಿಡಿಕೆಯ ಬೋಲ್ಟು ಪದೇ ಪದೇ ಸಡಿಲವಾಗುತ್ತಿತ್ತು, ಅವನು ಪದೇ ಪದೇ ಬಿಗಿ ಮಾಡುತ್ತಿದ್ದ. ನಮ್ಮ ಮನೆಯವರು ಬಾಲ್ಕನಿಯಲ್ಲಿ ಕೂತು ಕಿವಿ ಅತ್ತ ಕೊಟ್ಟು ಹುಬ್ಬು ಗಂಟಿಕ್ಕುತ್ತಿದ್ದರು. "ಏನ್ರೀ?" ಎನ್ನಬಹುದಿತ್ತು ನಾನು. ಅನ್ನಲಿಲ್ಲ.

ಒಂದು ತಿಂಗಳು ಕಳೆಯುವುದರಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಹುಲ್ಲಿನ ಸಾಲು ಸೊಟ್ಟ. ಅಂಚಿನ ಗಿಡಗಳಿಗೂ ಪೆಟ್ಟು. ಒಂದು ಬೆಳಿಗ್ಗೆ ಎಂಟು ಗಂಟೆಗೆ ವಾಕಿಂಗ್ ಹೊರಟಿದ್ದ ತಿರುಮಲಾಚಾರ್ ಸಾರ್ ಮುನಿಯಪ್ಪ ಚಹಾ ಕುಡಿಯುವುದನ್ನು ಕಂಡರು. ಗ್ಲಾಸು ಬಾಯಿಗೆ ಸೇರುವುದರೊಳಗೆ ಅರ್ಧ ಚಹಾ ಅಂಗಿಯ ಮೇಲೆ. ಸಂಘದ ವಾಟ್ಸಾಪಿನಲ್ಲಿ ಕೂಡಲೇ ಬರೆದರು. ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಬಾಯಲ್ಲೂ ಹೇಳಿದರು.

"ನಾನು ಕಣ್ಣಾರೆ ನೋಡಿದೆನಲ್ಲಾ ಗಂಗಾ ಅವರೇ. ಎರಡು ಕೈಯೂ ನಡುಗಿಂಡಿತ್ತು. ಬೆಳಗಾಗೆ ಎಂಟಕ್ಕೇ ಹೀಗೆ ಅಂದ್ರೆ ರಾತ್ರಿ ಎಷ್ಟು ಹಾಕಿಂಡಿರ್ತಾನೆ ನೀವೇ ಯೋಚನೆ ಮಾಡಿ. ಆ ಬ್ಲೇಡು ಮಕ್ಕಳ ಕಾಲಿಗೆ ಪಟ್ಟಾಂದ್ರೆ ಯಾರು ಜವಾಬು?"

"ಅವನು ಕುಡಿಯೋನಲ್ಲ ಸಾರ್."

"ಎಲ್ಲರೂ ಮೊದಲು ಕುಡಿಯೋರಲ್ಲ. ಭಾನುವಾರ ಮೀಟಿಂಗಲ್ಲಿ ಮುಡಿಸಿಬಿಡೋಣ. ಕಂಟ್ರಾಕ್ಟರ್ ಒಂದನೇ ತಾರೀಕಿಂದ ಬರ್ತೀನಿ ಅಂದಿದಾನೆ."

ಪಟ್ಟಾಂದ್ರೆ ಎಂದರೆ ತಗುಲಿದರೆ, ಮುಡಿಸುವುದು ಎಂದರೆ ಮುಗಿಸುವುದು. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಅವನು ಕುಡಿಯುವವನಲ್ಲ ಎಂದು ಧೈರ್ಯವಾಗಿ ಹೇಳಿದವಳು, ಮಾರನೆಯ ಬೆಳಿಗ್ಗೆ ಮುನಿಯಪ್ಪನನ್ನು ಕರೆದು, ಕಣ್ಣಿಗೆ ಕಸ ಬಿದ್ದಿದೆ, ಸ್ವಲ್ಪ ಊದಪ್ಪಾ ಎಂದೆ. ಅರವತ್ತು ದಾಟಿದ ಮನುಷ್ಯ, ಸಂಕೋಚದಿಂದ ಒಂದು ಮೊಳ ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು ಮೆಲ್ಲಗೆ ಊದಿದ. ವೀಳ್ಯದೆಲೆಯ ವಾಸನೆ ಬಂತು, ಬಟ್ಟೆಯಿಂದ ಪೆಟ್ರೋಲಿನದ್ದು ಬಂತು. ಬೇರೆ ಏನೂ ಇರಲಿಲ್ಲ. "ಹೋಯ್ತಾ ಅಮ್ಮಾ ಕಸ?" ಎಂದ. ಹೋಯಿತು ಎಂದೆ. ಕಸ ಕಣ್ಣಲ್ಲಿ ಇದ್ದರಲ್ಲವೇ ಹೋಗುವುದು.

ಕುಡಿತವಲ್ಲದಿದ್ದರೆ ವಯಸ್ಸು ಎಂದುಕೊಂಡೆ. ಮೆಷಿನ್ ಮೇಲೆ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಹದಿನೆಂಟೂವರೆಗೆ ತಂದ ಮೆಷಿನ್, ನೂರಕ್ಕೆ ಹಿಡಿಸಿದ ಸಾಣೆ. ಶನಿವಾರ ಮುನಿಯಪ್ಪನಿಗೆ ಹೇಳಿದೆ, "ನೀನು ಬೆಂಚಿನ ಮೇಲೆ ಕೂತ್ಕೋ. ನಿನಗೆ ವಯಸ್ಸಾದರೂ ಮೆಷಿನ್ ಹಗುರಾಗಿದೆ, ಹೆಂಗಸರೂ ತಳ್ಳಬಹುದು ಅಂತ ನಾನೇ ತೋರಿಸ್ತೀನಿ. ಭಾನುವಾರ ಹೇಳೋಕೆ ಒಂದು ಮಾತಾಯ್ತು." ಅವನು, "ಬ್ಯಾಡ ಅಮ್ಮಾ, ನಿಮಗೆ ಆಗಲ್ಲ" ಎಂದ. ಹಾಗೆ ಹೇಳಿದರೆ ಬಿಡುವವಳೇ ನಾನು. ಸೆರಗು ಸಿಕ್ಕಿಸಿ ಹಿಡಿಕೆ ಹಿಡಿದೆ.

ಮೊದಲ ಸಾಲಿನಲ್ಲಿ ಬಳೆಗಳು ಮಾತಾಡತೊಡಗಿದವು. ಎರಡನೆಯ ಸಾಲಿನಲ್ಲಿ ಎರಡು ಗಾಜಿನ ಬಳೆ ತಾವಾಗಿಯೇ ಒಡೆದು ಬಿದ್ದವು. ಮೂರನೆಯ ಸಾಲಿನ ಹೊತ್ತಿಗೆ ಹಲ್ಲು, ಕನ್ನಡಕ, ಕಿವಿಯೋಲೆ ಎಲ್ಲವೂ ಬೇರೆ ಬೇರೆ ತಾಳದಲ್ಲಿದ್ದವು. ನಾನು ನೇರ ಹೋಗುತ್ತಿದ್ದೇನೆಂದೇ ತಿಳಿದಿದ್ದೆ. ಹಿಂತಿರುಗಿ ನೋಡಿದರೆ ಸಾಲು ಹಾವು ಹರಿದಂತಿತ್ತು. ನಾಲ್ಕನೆಯದಕ್ಕೆ ಧೈರ್ಯವಾಗದೆ ನಿಲ್ಲಿಸಿದೆ. ಮುನಿಯಪ್ಪ ಎದ್ದು ಬಂದು ಒಡೆದ ಬಳೆ ಚೂರುಗಳನ್ನು ಹುಲ್ಲಿನಿಂದ ಒಂದೊಂದಾಗಿ ಆರಿಸಿ ಹಾಕಿದ.

ಮನೆಗೆ ಬಂದು ಚಹಾ ಬಗ್ಗಿಸಿಕೊಂಡು ಕಪ್ಪು ಎತ್ತಿದೆ. ಕಪ್ಪು ಬಸಿಯ ಮೇಲೆ ಟಕಟಕ ಕುಣಿಯಿತು. ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಅರ್ಧ ಚಹಾ ಸೀರೆಯ ಮೇಲೆ. ನಮ್ಮ ಮನೆಯವರು ಪೇಪರ್ ಕೆಳಗಿಳಿಸಿ ನೋಡಿದರು.

"ಗಂಗಾ, ನೀನೂ ಕುಡೀಲಿಕ್ಕೆ ಸುರು ಮಾಡೀಯೇನು?"

ನಗು ಬರಲಿಲ್ಲ. ಬೆಂಚಿನ ಮೇಲೆ ಕೂತ ಮುನಿಯಪ್ಪನ ಅಂಗಿಯ ಚಹಾ ಕಲೆಗಳು ಕಣ್ಣ ಮುಂದೆ ಬಂದವು. ನಾನು ಮೂರು ಸಾಲು ತಳ್ಳಿದ್ದೆ. ಅವನು ಒಂದು ತಿಂಗಳಿಂದ, ವಾರಕ್ಕೆ ಎರಡು ದಿನ, ಇಡೀ ಹುಲ್ಲುಹಾಸನ್ನು ತಳ್ಳುತ್ತಿದ್ದ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಎಂಬಂತೆ, "ರೀ, ಏನಾಗೇದ್ರೀ ಅದಕ್ಕ?" ಎಂದು ಕೇಳಿದೆ.

"ಬ್ಲೇಡ್ ಸಮಾ ಇಲ್ಲ. ಮೊದಲನೇ ದಿನಾನ ಸದ್ದಿನಾಗ ಗೊತ್ತಾತು."

"ಗೊತ್ತಿದ್ರ ಹೇಳಬೇಕಿಲ್ಲೋ?"

"ನೀ ಯಾವಾಗ ಕೇಳಿದಿ?"

ಅವರು ಎದ್ದರು. ಕೆಳಗೆ ಹೋಗಿ, ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು, ಮೆಷಿನನ್ನು ಸರಿಯಾದ ಮಗ್ಗುಲಿಗೆ ಮಲಗಿಸಿ, ಮುನಿಯಪ್ಪನ ಕೈಯಲ್ಲಿ ಬ್ಲೇಡು ಬಿಚ್ಚಿಸಿಕೊಂಡು ಬಂದರು. ಹಿಟ್ಟಿನ ಕೋಣೆಯ ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೆಗೆದು, ಅದರ ಮೊಳೆಗೆ ಬ್ಲೇಡಿನ ನಡುವಿನ ತೂತು ಸಿಕ್ಕಿಸಿ, ಅಡ್ಡವಾಗಿ ಹಿಡಿದು, ಕೈಬಿಟ್ಟರು. ಬ್ಲೇಡಿನ ಒಂದು ತುದಿ ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಅಡ್ಡ ಮಾಡಿ ಬಿಟ್ಟರು. ಮತ್ತೆ ಅದೇ ತುದಿ ಇಳಿಯಿತು. ನೋಡಿದರೆ ಮೇಲೆ ನಿಂತ ತುದಿಯನ್ನು ಅಂತೋಣಿ ಚೆನ್ನಾಗಿ ಅರೆದು ಹರಿತ ಮಾಡಿದ್ದಾನೆ. ಕೆಳಗಿಳಿದ ತುದಿಗೆ ಬರೀ ಹೊಳಪು ಬರುವಷ್ಟು ತಿಕ್ಕಿದ್ದಾನೆ. ಒಂದು ಬಾಯಿಗೆ ನೂರು. ಕೊಟ್ಟದ್ದು ನೂರು. ನೂರು ರೂಪಾಯಿ ಕೆಲಸ ಮಾಡಿಕೊಡುತ್ತೇನೆ ಎಂದಿದ್ದ, ಮಾಡಿಕೊಟ್ಟಿದ್ದ. ಮೋಸ ಎನ್ನಲು ನನಗೆ ಒಂದು ಎಳೆಯೂ ಸಿಗಲಿಲ್ಲ. ಊರಿನ ತಕ್ಕಡಿಗಳನ್ನೆಲ್ಲ ಎತ್ತಿಸಿ ನೋಡಿದವಳ ಕಣ್ಣೆದುರು, ನನ್ನದೇ ಗೋಡೆಯ ಮೇಲೆ, ನನ್ನದೇ ತಕ್ಕಡಿ ವಾಲಿಕೊಂಡು ನಿಂತಿತ್ತು.

ಭಾನುವಾರ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಮುನಿಯಪ್ಪ ದೂರದಲ್ಲಿ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದ; ಒಂದೇ ಗಿಡಕ್ಕೆ ಹತ್ತು ನಿಮಿಷದಿಂದ. ತಿರುಮಲಾಚಾರ್ ಸಾರ್ ಗಂಟಲು ಸರಿ ಮಾಡಿಕೊಳ್ಳುವುದರೊಳಗೆ ನಾನ್ಯಾಕೋ ಎದ್ದುಬಿಟ್ಟೆ. ಹದಿನೈದು ಹೆಜ್ಜೆ, ನೂರು ರೂಪಾಯಿ, ಹರಾಜು, ಮೊಳೆ, ಎಲ್ಲ ಹೇಳಿದೆ. ಎಷ್ಟೋ ವರ್ಷಗಳಿಂದ ಇದೇ ಜನರಿಗೆ ನನ್ನ ಚೌಕಾಸಿಯ ಕಥೆ ಹೇಳಿ ಬೀಗಿದ್ದೆ. ಈ ಕಥೆಯನ್ನೂ ಹೇಳಲೇಬೇಕಾಯಿತು.

ತಿರುಮಲಾಚಾರ್ ಸಾರ್ ಸುಲಭಕ್ಕೆ ನಂಬುವವರಲ್ಲ. "ಕ್ಲೇಮ್ ಬಂದ ಮೇಲೆ ಸ್ಥಳಕ್ಕೆ ಹೋಗಿ ನೋಡಬೇಕು" ಎಂದು ಪಂಚೆ ಎತ್ತಿ ಕಟ್ಟಿ, ಅದೇ ಬ್ಲೇಡು ಮತ್ತೆ ಹಾಕಿಸಿ, ತಾವೇ ಎರಡು ಸಾಲು ತಳ್ಳಿದರು. ವಾಪಸು ಬಂದವರ ಕೈಗೆ ನಾನು ಒಂದು ಲೋಟ ಚಹಾ ಕೊಟ್ಟೆ. ಬಿಳಿ ಪಂಚೆ. ಉಳಿದದ್ದನ್ನು ಊಹಿಸಿಕೊಳ್ಳಿ. ಅವರು ಕಲೆಯನ್ನೂ ಕೈಯನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಕಾರ್ಯದರ್ಶಿಗೆ, "ಬರ್ಕೊಳ್ಳಿ. ಮುನಿಯಪ್ಪ ಕುಡಿಯೋಲ್ಲ. ಕಂಟ್ರಾಕ್ಟರಿಗೆ ಬೇಡಾಂತ ಹೇಳಿಬಿಡಿ" ಎಂದರು. ಸ್ವಲ್ಪ ತಡೆದು, ಗಿಡದ ಹತ್ತಿರ ತಾವೇ ಹೋಗಿ, "ತಪ್ಪು ನಂದಪ್ಪಾ. ಮನಸಲ್ಲಿ ಇಟ್ಕೋಬೇಡ" ಎಂದರು. ಮುನಿಯಪ್ಪ ಪೈಪನ್ನು ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ ಅವರ ಕಾಲಿಗೇ ನೀರು ಬಿಟ್ಟ.

ಎಲ್ಲರೂ ಹೋದ ಮೇಲೆ ಬ್ಲೇಡು ಬಿಚ್ಚಿ ನನ್ನ ಕೈಗೆ ಕೊಡುತ್ತ ಮುನಿಯಪ್ಪ ಅಂದ, "ಒಂದೇ ಬಾಯಿ ಸಾಣೆ ಹಿಡಿದಿದ್ದಾನೆ ಅಂತ ನಂಗೆ ಅವತ್ತೇ ಗೊತ್ತಾಯ್ತಮ್ಮಾ. ಹಾಕುವಾಗ ಬೆರಳು ಇಟ್ಟು ನೋಡಿದೆ."

"ಅಯ್ಯೋ ಮಾರಾಯಾ, ಹೇಳೋದಲ್ವಾ? ಕೆಲಸ ಹೋಗ್ತಿತ್ತು, ಮನೆ ಹೋಗ್ತಿತ್ತು."

"ನೂರಕ್ಕೇ ಮುಗಿಸಿದೆ ಅಂತ ನೀವು ಅಷ್ಟು ಸಂತೋಷವಾಗಿ ಹೇಳ್ತಾ ಇದ್ರಿ. ಎರಡು ಸಲ ಹೇಳಿದ್ರಿ. ಹೆಂಗಮ್ಮಾ ಹೇಳೋದು?"

ಸೈಕಲ್ ಟ್ಯೂಬು ಸುತ್ತಿದ್ದು ಮೆಷಿನ್ನನ್ನು ಕಾಪಾಡಲು ಎಂದುಕೊಂಡಿದ್ದೆನಲ್ಲ. ಅವನು ಕಾಪಾಡುತ್ತಿದ್ದದ್ದು ನನ್ನ ನೂರು ರೂಪಾಯಿಯ ಖುಷಿಯನ್ನು.

ಸೋಮವಾರ ಮತ್ತೆ ಕಾಸಿಮೇಡಿಗೆ ಹೋದೆ. ಅಂತೋಣಿ ಬ್ಲೇಡು ನೋಡಿದ, ನನ್ನ ಮುಖ ನೋಡಿದ. "ಎರಡು ಬಾಯಿ, ಇನ್ನೂರು" ಎಂದು ನಾನೇ ಹೇಳಿದೆ. ಅವನು ಅರೆದು, ತನ್ನ ಕಂಬದ ಮೊಳೆಗೆ ಬ್ಲೇಡು ತೂಗುಹಾಕಿ, ಭಾರದ ಕಡೆ ಇನ್ನಷ್ಟು ತಿಕ್ಕಿ, ಅದು ಅಡ್ಡವಾಗಿ ಅಲುಗದೆ ನಿಲ್ಲುವವರೆಗೆ ಬಿಡಲಿಲ್ಲ. ಈ ಸಲ ನಾನು ಹರಾಜಿನ ಕಡೆ ಬೆನ್ನು ಹಾಕಿ ನಿಂತಿದ್ದೆ. "ಹೋದ ಸಲವೇ ಯಾಕೆ ತೂಗಿ ನೋಡಲಿಲ್ಲ?" ಎಂದೆ. "ತೂಗಿದ್ದರೆ ನಿಮಗೆ ಬೇಜಾರಾಗ್ತಿತ್ತಮ್ಮಾ" ಎಂದ. ಊರಲ್ಲಿ ನನ್ನ ಮನಸ್ಸು ನೋಯಬಾರದೆಂದು ಎಷ್ಟು ಜನ ಕಷ್ಟಪಡುತ್ತಿದ್ದಾರೆ ಎಂಬುದು ಈಚೆಗಷ್ಟೇ ತಿಳಿಯುತ್ತಿದೆ.

ಆದ್ದರಿಂದ ನಿಮಗೆ ನಾಲ್ಕು ಮಾತು. ಹುಲ್ಲಿನ ಮೆಷಿನ್ ಮುಟ್ಟುವ ಮೊದಲು ಪ್ಲಗ್ಗಿನ ವೈರು ಕಿತ್ತಿಡಿ. ಮಲಗಿಸುವುದಾದರೆ ಗಾಳಿಯ ಫಿಲ್ಟರು ಇರುವ ಮಗ್ಗುಲು ಮೇಲೆ ಬರಬೇಕು. ಇಲ್ಲದಿದ್ದರೆ ನಿಮ್ಮ ಬೀದಿಯ ಸೊಳ್ಳೆಗಳು ಸಾಯುತ್ತವೆ, ಮೆಷಿನ್ ಕೂಡ. ಎಂಜಿನ್ನಿಗೆ ಪೈಪಿನಿಂದ ನೀರು ಹೊಡೆಯಬೇಡಿ, ಒದ್ದೆ ಬಟ್ಟೆ ಸಾಕು. ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ, ಆದರೆ ಬಾಯಿ ಎಷ್ಟಿದೆಯೋ ಅಷ್ಟಕ್ಕೂ ಕೂಲಿ ಕೊಡಿ. ತಿಂಗಳಿಗೊಮ್ಮೆ ನೀವೇ ಮೂರು ಸಾಲು ತಳ್ಳಿ, ಬಂದು ಒಂದು ಲೋಟ ಚಹಾ ಎತ್ತಿ ನೋಡಿ. ತುಳುಕದಿದ್ದರೆ ಕುಡಿಯಿರಿ. ತುಳುಕಿದರೆ, ಬೇರೆಯವರ ಬಾಯಿ ಮೂಸುವುದಕ್ಕೆ ಮುಂಚೆ ಬ್ಲೇಡು ಬಿಚ್ಚಿ ಮೊಳೆಗೆ ತೂಗುಹಾಕಿ. ಮತ್ತೆ, ಮೊಳೆಗೆಂದು ಅಂಗಡಿಗೆ ಹೋಗಿ ದುಡ್ಡು ಕಳೆಯಬೇಡಿ. ಕ್ಯಾಲೆಂಡರಿನದ್ದು ಮನೆಯಲ್ಲೇ ಇರುತ್ತದೆ.